ಮ್ಯಾಡ್ ಬುಲ್ ಕಾಲದ ನ್ಯೂಯಾರ್ಕ್: ಆ ರಕ್ತದ ಊರಿಗೆ ಈಗಲೂ ಹಂಬಲಿಸಬಹುದೇ?

1980ರ ದಶಕದ ಕೊನೆ, 90ರ ದಶಕದ ಆರಂಭ. ಜಪಾನಿನಲ್ಲಿ ಟೀವಿಗೂ ಅಲ್ಲದೆ, ಟಾಕೀಸಿಗೂ ಅಲ್ಲದೆ, ನೇರವಾಗಿ ವಿಡಿಯೊ ಕ್ಯಾಸೆಟ್ಟಿಗೆಂದೇ ಅನಿಮೆಗಳನ್ನು, ಅಂದರೆ ಜಪಾನಿ ಕಾರ್ಟೂನ್ ಚಿತ್ರಗಳನ್ನು, ಮಾಡುತ್ತಿದ್ದರು. ಅವಕ್ಕೆ ಒವಿಎ ಎಂದು ಹೆಸರು. ಅವುಗಳಲ್ಲಿ ಬಹಳಷ್ಟು ಮಿತಿಯಿಲ್ಲದ ಹಿಂಸೆಗೆ ಹೆಸರಾದವು. ಕಥೆ ನಡೆಯುವುದು ಎಷ್ಟೋ ಸಲ ನ್ಯೂಯಾರ್ಕ್, ಶಿಕಾಗೊ, ಹಾಂಗ್‌ಕಾಂಗ್‌ನಂಥ ಪರದೇಶದ ಊರುಗಳಲ್ಲಿ. ಈಗ ಅವಕ್ಕೆ ಮತ್ತೆ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ. ಈ ಮೋಹ ಸರಿಯೇ? ಒಂದೇ ಹಾರ್ಡ್ ಡಿಸ್ಕಿನಿಂದ ಇವನ್ನು ನೋಡಿದ ಇಬ್ಬರು, ಅಕ್ಕ-ತಂಗಿಯರ ಮಕ್ಕಳು, ಇಲ್ಲಿ ಬರೆದಿದ್ದಾರೆ. ಇವರಲ್ಲಿ ತಮ್ಮನಾದವನು ಊರಲ್ಲೇ ಇದ್ದಾನೆ. ಅಕ್ಕ ಅಮೆರಿಕದಲ್ಲಿದ್ದಾಳೆ.

ಪರ: ಅದು ಬಣ್ಣದ ವೇಷದ ಊರು

ನಾನು ಮೊದಲು ನೋಡಿದ ನ್ಯೂಯಾರ್ಕ್ ಜಪಾನಿನವರು ಬರೆದ ನ್ಯೂಯಾರ್ಕ್. ದಾವಣಗೆರೆಯ ಹಾಸ್ಟೆಲ್ ರೂಮು. ಒಂದು ಲ್ಯಾಪ್‌ಟಾಪು, ಅದರ ಮುಂದೆ ಐದು ಜನ. ಸೀನಿಯರ್ ಒಬ್ಬರು ಕೊಟ್ಟ ಹಾರ್ಡ್ ಡಿಸ್ಕಿನಲ್ಲಿ 'ಮ್ಯಾಡ್ ಬುಲ್ 34' ಇತ್ತು. 1990ರಿಂದ 92ರವರೆಗೆ ನಾಲ್ಕು ಭಾಗವಾಗಿ ಬಂದ ಅನಿಮೆ. ಕಜುವೊ ಕೊಯಿಕೆ ಕಥೆ ಬರೆದ ಮಂಗಾ, ಅಂದರೆ ಜಪಾನಿ ಚಿತ್ರಕಥೆ ಪುಸ್ತಕ, ಅದರ ಮೂಲ. ನ್ಯೂಯಾರ್ಕಿನ 34ನೇ ಪೊಲೀಸ್ ಠಾಣೆ. ಅಲ್ಲಿ ಸ್ಲೀಪಿ ಎಂಬ ಗುಡ್ಡದಂಥ ಪೊಲೀಸ್. ಅವನ ಜೊತೆಗೆ ಹೊಸದಾಗಿ ಕೆಲಸಕ್ಕೆ ಸೇರಿದ, ಜಪಾನಿ ಮೂಲದ ಹುಡುಗ ಡೈಜಾಬುರೊ. ಕಳ್ಳ ಸಿಕ್ಕರೆ ಸ್ಲೀಪಿ ಕೋಳ ಹಾಕುವುದಿಲ್ಲ, ಗುಂಡು ಹಾರಿಸುತ್ತಾನೆ. ಹುಡುಗ ಬೆಚ್ಚಿಬೀಳುತ್ತಾನೆ. ನಾವೂ ಬೆಚ್ಚಿದೆವು, ಆಮೇಲೆ ಬಿದ್ದು ಬಿದ್ದು ನಕ್ಕೆವು.

ಹಿಂಸೆ ನೋಡಿ ನಗುವುದು ತಪ್ಪಲ್ಲವೇ ಎಂದು ಕೇಳುತ್ತಾರೆ. ನಾನು ಸಾಗರದ ಕಡೆಯವನು. ಚಿಕ್ಕಂದಿನಿಂದ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದವನು. ಬಣ್ಣದ ವೇಷ ರಂಗಕ್ಕೆ ಬರುವಾಗ ಚೆಂಡೆ ಜೋರಾಗುತ್ತದೆ, ಅಬ್ಬರಕ್ಕೆ ಮಕ್ಕಳು ಅಮ್ಮನ ಸೆರಗು ಹಿಡಿದುಕೊಳ್ಳುತ್ತಾರೆ. ದುಶ್ಶಾಸನನ ಕರುಳು ಬಗೆಯುವುದನ್ನು ನೋಡಲು ಊರಿಗೆ ಊರೇ ಸೇರುತ್ತದೆ. ಅವರು ಯಾರೂ ಕೊಲೆ ನೋಡಲು ಬಂದವರಲ್ಲ, ಅಲ್ವಾ? ಎಲ್ಲವನ್ನೂ ಇದ್ದದ್ದಕ್ಕಿಂತ ದೊಡ್ಡದು ಮಾಡಿ ತೋರಿಸುವುದು ಒಂದು ಕಲೆ. ಈ ಅನಿಮೆಗಳು ಆ ಕಲೆಗೆ ಸೇರಿದವು. ಅವುಗಳಲ್ಲಿನ ಊರು ಕೂಡ ಒಂದು ವೇಷ. ಮುಖಕ್ಕೆ ದಪ್ಪ ಬಣ್ಣ ಬಳಿದುಕೊಂಡ ನ್ಯೂಯಾರ್ಕ್ ಅದು.

ಇಂಥ ಊರು ಹುಟ್ಟಿದ್ದು ಹೇಗೆ ಎಂದು ಆಮೇಲೆ ಓದಿಕೊಂಡೆ. ಮೊದಲ ಒವಿಎ ಬಂದದ್ದು 1983ರಲ್ಲಿ, 'ಡಲ್ಲೋಸ್'. ಟೀವಿಯಲ್ಲಾದರೆ ಆಟಿಕೆ ಮಾರುವ ಕಂಪನಿಗಳ ಮಾತು ಕೇಳಬೇಕಿತ್ತು, ಮಕ್ಕಳು ನೋಡುವ ಹೊತ್ತು ಎಂಬ ಅಂಕೆ ಇತ್ತು. ಕ್ಯಾಸೆಟ್ಟಿಗೆ ಅದಾವುದೂ ಇರಲಿಲ್ಲ. ದುಬಾರಿ ಬೆಲೆ ಕೊಟ್ಟು ಕೊಳ್ಳುವ ದೊಡ್ಡವರು ಇದ್ದರು. ದೇಶದಲ್ಲಿ ದುಡ್ಡು ಓಡಾಡುತ್ತಿತ್ತು. ಡಾಲರಿನ ಬೆಲೆ ಇಳಿಸಲು ದೊಡ್ಡ ದೇಶಗಳು ಮಾಡಿಕೊಂಡ 1985ರ ಪ್ಲಾಜಾ ಒಪ್ಪಂದದ ಹೊತ್ತಿಗೆ ಒಂದು ಡಾಲರಿಗೆ ಸುಮಾರು 240 ಯೆನ್ ಇತ್ತು. ಮೂರೇ ವರ್ಷದಲ್ಲಿ ಅದು 130ರ ಆಸುಪಾಸಿಗೆ ಇಳಿಯಿತು. ಅಮೆರಿಕ ಒಮ್ಮೆಗೇ ಅರ್ಧ ಬೆಲೆಗೆ ಸಿಕ್ಕ ಹಾಗೆ. 1989ರಲ್ಲಿ ಜಪಾನಿನ ಮಿತ್ಸುಬಿಷಿ ಎಸ್ಟೇಟ್ ಕಂಪನಿ, ನ್ಯೂಯಾರ್ಕಿನ ಹೆಸರಾಂತ ಕಟ್ಟಡಗಳ ಗುಂಪಾದ ರಾಕ್‌ಫೆಲ್ಲರ್ ಸೆಂಟರಿನ ಒಡೆತನ ಹೊಂದಿದ್ದ ಕಂಪನಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಕೊಂಡಿತು. ಅದರ ಮರುವರ್ಷವೇ 'ಮ್ಯಾಡ್ ಬುಲ್' ಕ್ಯಾಸೆಟ್ ಅಂಗಡಿಗೆ ಬಂತು. ಕೊಂಡುಕೊಳ್ಳುವಷ್ಟು ಹತ್ತಿರ ಬಂದ ಊರು, ಆದರೆ ರಾತ್ರಿ ಕಾಲಿಡಲು ಭಯ. ಆ ಆಸೆ, ಆ ಭಯ ಎರಡೂ ಒಂದೇ ಚಿತ್ರದಲ್ಲಿ ಸೇರಿಕೊಂಡಿವೆ. ಅದಕ್ಕೇ ಆ ಊರು ಅಷ್ಟು ಹೊಳೆಯುತ್ತದೆ, ಅಷ್ಟು ಕೊಳೆಯಾಗಿಯೂ ಇದೆ.

ಭಯ ಸುಮ್ನೆ ಹುಟ್ಟಿದ್ದೂ ಅಲ್ಲ. 1990ರಲ್ಲಿ ನ್ಯೂಯಾರ್ಕ್ ನಗರದಲ್ಲಿ 2,245 ಕೊಲೆಗಳಾದವು. ತಮ್ಮ ಊರನ್ನು ನರಕದಂತೆ ಮೊದಲು ತೋರಿಸಿದವರು ಅಮೆರಿಕದ ಸಿನಿಮಾದವರೇ. ಜಪಾನಿನವರು ಅದನ್ನು ನೋಡಿ, ಮೆಚ್ಚಿ, ತಮ್ಮ ಕೈಯಿಂದ ಮತ್ತೆ ಬರೆದರು. ಅದೇ ಕಾಲದಲ್ಲಿ ಹಾಲಿವುಡ್ ಒಸಾಕಾವನ್ನು ಬರೀ ನಿಯಾನ್ ದೀಪ ಮತ್ತು ಗ್ಯಾಂಗ್‌ಸ್ಟರುಗಳ ಊರು ಮಾಡಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡರು.

ಆ ಕೈಕೆಲಸದ ಬಗ್ಗೆ ಹೇಳದಿದ್ದರೆ ನನ್ನ ಮಾತು ಪೂರ್ತಿಯಾಗುವುದಿಲ್ಲ. ಪ್ರತಿ ಬೀದಿ, ಪ್ರತಿ ಇಟ್ಟಿಗೆ ಗೋಡೆ, ಮಳೆಯಲ್ಲಿ ನೆನೆದ ಟಾರು ರಸ್ತೆಯ ಮೇಲೆ ಬಿದ್ದ ಕೆಂಪು ದೀಪ, ಎಲ್ಲವನ್ನೂ ಯಾರೋ ಕೂತು ಕುಂಚದಲ್ಲಿ ಬರೆದಿದ್ದಾರೆ. ಅದರ ಮೇಲೆ ಪಾರದರ್ಶಕ ಹಾಳೆಗಳಲ್ಲಿ ಮನುಷ್ಯರನ್ನು ಇಟ್ಟು ಒಂದೊಂದೇ ಫೋಟೊ ತೆಗೆದಿದ್ದಾರೆ. ಶಿಕಾಗೊದಲ್ಲಿ ನಡೆಯುವ 'ಗನ್‌ಸ್ಮಿತ್ ಕ್ಯಾಟ್ಸ್' ಮಾಡುವಾಗ ತಂಡದವರು ಶಿಕಾಗೊಗೇ ಹೋಗಿ ಬೀದಿ ನೋಡಿ ಬಂದರು. 1995ರ 'ಘೋಸ್ಟ್ ಇನ್ ದಿ ಶೆಲ್' ಹಾಂಗ್‌ಕಾಂಗನ್ನು ಮಾದರಿ ಇಟ್ಟುಕೊಂಡಿತು. ಅದರ ಮಧ್ಯದಲ್ಲಿ ಕೆಲವು ನಿಮಿಷ ಕಥೆ ನಿಂತುಬಿಡುತ್ತದೆ. ಮಾತಿಲ್ಲ. ಕಾಲುವೆ, ಬೋರ್ಡುಗಳು, ಮಳೆ, ಕೊಡೆ ಹಿಡಿದ ಜನ. ಹಾಂಗ್‌ಕಾಂಗಿನಲ್ಲಿ ಜನ ಕಿಕ್ಕಿರಿದು ಬದುಕುತ್ತಿದ್ದ ಕೌಲೂನಿನ ಕೋಟೆ-ಊರನ್ನು ಅದಕ್ಕೆ ಸ್ವಲ್ಪ ಮುಂಚೆ, 1993-94ರಲ್ಲಿ ಕೆಡವಿದ್ದರು. ಬೀದಿಗೆ ಅಡ್ಡಲಾಗಿ ಚಾಚಿದ್ದ ನಿಯಾನ್ ಬೋರ್ಡುಗಳೂ ಆಮೇಲೆ ಒಂದೊಂದಾಗಿ ಕೆಳಗಿಳಿದವು. ಚಿತ್ರದಲ್ಲಿ ಆ ಬೀದಿ ಈಗಲೂ ನೆನೆಯುತ್ತಾ ನಿಂತಿದೆ.

ಇದನ್ನೆಲ್ಲ ನೋಡಿ ಆ ಊರುಗಳ ಬಗ್ಗೆ ತಪ್ಪು ತಿಳಿಯುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಲಾಂಗು-ಮಚ್ಚಿನ ಸಿನಿಮಾ ನೋಡಿ ಬೆಂಗಳೂರು ಅಷ್ಟೇ ಎಂದು ಯಾರೂ ನಂಬುವುದಿಲ್ಲ. ನೋಡುವವರಿಗೆ ಬುದ್ಧಿ ಇದೆ. ನನಗೆ ನ್ಯೂಯಾರ್ಕಿನ ಮೇಲೆ ಆಸೆ ಹುಟ್ಟಿಸಿದ್ದು ಆ ರಕ್ತದ ಕಾರ್ಟೂನೇ. ಇನ್ನೂ ಹೋಗಿಲ್ಲ. ಹೋದ ದಿನ ಮೊದಲು ಹುಡುಕುವುದು 34ನೇ ಠಾಣೆಯನ್ನು.

ವಿರೋಧ: ಆ ಊರಿನಲ್ಲಿ ಜನ ಇದ್ದರು

34ನೇ ಠಾಣೆ ಎಲ್ಲಿದೆ ಎಂದು ನಾನು ಹೇಳುತ್ತೇನೆ. ಮ್ಯಾನ್‌ಹ್ಯಾಟನ್ನಿನ ಉತ್ತರದ ತುದಿ, ಬ್ರಾಡ್‌ವೇ ರಸ್ತೆಯ ಮೇಲೆ. ನಾನು ದಿನಾ ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿ ಕೆಲಸಕ್ಕೆ ಬರುವ ವಾಷಿಂಗ್ಟನ್ ಹೈಟ್ಸ್ ಬಡಾವಣೆ ಆಗ ಪೂರ್ತಿಯಾಗಿ ಆ ಠಾಣೆಗೆ ಸೇರಿತ್ತು. ಡೊಮಿನಿಕನ್ ರಿಪಬ್ಲಿಕ್ ದೇಶದಿಂದ ಬಂದವರು ಕಟ್ಟಿ ಬೆಳೆಸಿದ ಬಡಾವಣೆ ಇದು. ಬೆಳಿಗ್ಗೆ ಬಾಳೆಕಾಯಿ ಬೇಯಿಸಿ ಹಿಸುಕಿದ 'ಮಂಗೂ' ಸಿಗುತ್ತದೆ, ಮೇಲೆ ಹುಳಿಯಲ್ಲಿ ನೆನೆಸಿದ ಈರುಳ್ಳಿ. ಬೇಸಿಗೆಯ ಸಂಜೆ ಫುಟ್‌ಪಾತಿನ ಮೇಲೆ ಮೇಜು ಹಾಕಿಕೊಂಡು ಅಜ್ಜಂದಿರು ಡಾಮಿನೊ ಆಡುತ್ತಾರೆ. ನನ್ನ ತಮ್ಮ ಇಲ್ಲಿಗೆ ಬಂದರೆ ಈ ಊರನ್ನು ಖಂಡಿತ ಇಷ್ಟಪಡುತ್ತಾನೆ. ಆದರೆ ಅವನು ಹುಡುಕುತ್ತಿರುವ ಊರು ಇದಲ್ಲ.

ಚಿತ್ರಗಳ ಅಂದದ ಬಗ್ಗೆ ಅವನು ಹೇಳಿದ್ದೆಲ್ಲ ನಿಜ. ಅದರ ಬಗ್ಗೆ ನನಗೆ ಜಗಳವಿಲ್ಲ. ಸುಳ್ಳು ಇರುವುದು ಬೇರೆ ಕಡೆ. ಗೋಡೆ ಬರೆದರು, ದೀಪ ಬರೆದರು, ಜನರನ್ನು ಬರೆಯಲಿಲ್ಲ. ಕಳ್ಳ, ಪಿಂಪ್, ಹುಚ್ಚ, ಸೂಳೆ, ಹೆಣ. ಇಷ್ಟೇ ಜನ ಆ ಊರಿನಲ್ಲಿ. 2,245 ಎಂಬ ಲೆಕ್ಕವನ್ನು ಅವನು ಬರೆದಿದ್ದಾನೆ. ಆ ವರ್ಷ ಇದೇ ಬೀದಿಯಲ್ಲಿ ಹುಡುಗಿಯಾಗಿದ್ದವಳೊಬ್ಬಳು ಈಗ ನನ್ನ ಜೊತೆ ಕೆಲಸ ಮಾಡುತ್ತಾಳೆ. ರಾತ್ರಿ ಅವಳಮ್ಮ ಮಕ್ಕಳ ಹಾಸಿಗೆಯನ್ನು ಕಿಟಕಿಯಿಂದ ದೂರ ಎಳೆದು ಹಾಕುತ್ತಿದ್ದಳಂತೆ. ಬೆಳಿಗ್ಗೆ ಎದ್ದು ಯೂನಿಫಾರ್ಮ್ ಇಸ್ತ್ರಿ ಮಾಡಿ ಸ್ಕೂಲಿಗೆ ಕಳಿಸುತ್ತಿದ್ದಳಂತೆ. ಕ್ರ್ಯಾಕ್ ಎಂಬ ಡ್ರಗ್ ಮಾರುವವರ ನಡುವೆ ಮಕ್ಕಳನ್ನು ಸಾಕಿದ ಆ ತಾಯಂದಿರಲ್ಲಿ ಒಬ್ಬಳೂ ಆ ನಾಲ್ಕು ಕ್ಯಾಸೆಟ್ಟಿನಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಸ್ಲೀಪಿಯ ವಿಷಯಕ್ಕೆ ಬರೋಣ. ಅವನು ಹೊಡೆಯುತ್ತಾನೆ, ವಿಚಾರಣೆ ಇಲ್ಲದೆ ಕೊಲ್ಲುತ್ತಾನೆ, ಬೀದಿಯ ಹೆಣ್ಣುಗಳಿಂದ ದುಡ್ಡು ತೆಗೆದುಕೊಳ್ಳುತ್ತಾನೆ. ಆದರೂ ಅವನ ಮನಸ್ಸು ಒಳ್ಳೆಯದು ಎಂದು ಕಥೆ ನಮ್ಮನ್ನು ಒಪ್ಪಿಸುತ್ತದೆ. ಅದೇ ಹೊತ್ತಿನಲ್ಲಿ ನಿಜವಾದ ನ್ಯೂಯಾರ್ಕಿನಲ್ಲಿ ಏನಾಗುತ್ತಿತ್ತು? 1992ರಲ್ಲಿ ಮೇಯರ್ ಡೇವಿಡ್ ಡಿಂಕಿನ್ಸ್ ಪೊಲೀಸರ ಭ್ರಷ್ಟಾಚಾರದ ತನಿಖೆಗೆ ಮೊಲ್ಲೆನ್ ಆಯೋಗ ನೇಮಿಸಿದರು. 1994ರ ಅದರ ವರದಿಯಲ್ಲಿ ಇದ್ದದ್ದು ಇದೇ: ಡ್ರಗ್ಸ್ ಮಾರುವವರಿಂದ ದುಡ್ಡು ದೋಚುವ, ಜನರನ್ನು ಬಡಿಯುವ, ಕೋರ್ಟಿನಲ್ಲಿ ಸುಳ್ಳು ಹೇಳುವ ಪೊಲೀಸರು. ಪಕ್ಕದ ಹಾರ್ಲೆಮ್‌ನ 30ನೇ ಠಾಣೆಯಲ್ಲಿ ಮೂವತ್ತರಷ್ಟು ಪೊಲೀಸರು ಸಿಕ್ಕಿಬಿದ್ದರು. 1992ರ ಜುಲೈನಲ್ಲಿ ವಾಷಿಂಗ್ಟನ್ ಹೈಟ್ಸ್‌ನಲ್ಲೇ ಪೊಲೀಸರ ಗುಂಡಿಗೆ ಡೊಮಿನಿಕನ್ ಯುವಕನೊಬ್ಬ ಸತ್ತ. ದಿನಗಟ್ಟಲೆ ಬೀದಿ ಹೊತ್ತಿ ಉರಿಯಿತು. ಬಣ್ಣದ ವೇಷ ಎಂದ ನನ್ನ ತಮ್ಮ. ಆಟದಲ್ಲಿ ಬಣ್ಣದ ವೇಷ ರಾಕ್ಷಸನಿಗೆ. ಇಲ್ಲಿ ರಾಕ್ಷಸನಿಗೆ ನಾಯಕನ ಕಿರೀಟ ಇಟ್ಟಿದ್ದಾರೆ.

ಆ ಕಾಲ ಹಾಗಿತ್ತು, ಆಗ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ಅಭಿಮಾನಿಗಳು ಹೇಳುತ್ತಾರೆ. ಗೊತ್ತಾಗುತ್ತಿತ್ತು. ಜಪಾನಿನಲ್ಲೇ ಗೊತ್ತಾಗುತ್ತಿತ್ತು. ಕಪ್ಪು ಜನರನ್ನು ದಪ್ಪ ತುಟಿಯ ಗೊಂಬೆಗಳಂತೆ ಬರೆಯುವುದನ್ನು ವಿರೋಧಿಸಿ 1988ರಲ್ಲಿ ಒಸಾಕಾ ಹತ್ತಿರದ ಸಕಾಯಿ ಊರಿನ ಒಂದು ಕುಟುಂಬ ಸಂಘ ಕಟ್ಟಿತು. ಅಪ್ಪ, ಅಮ್ಮ, ಶಾಲೆಗೆ ಹೋಗುವ ಮಗ. ಅವರು ಪ್ರಕಾಶಕರಿಗೆ ಪತ್ರ ಬರೆದರು. ಮಂಗಾ ಲೋಕದ ದೇವರು ಎನಿಸಿಕೊಂಡ ಒಸಾಮು ತೆಜುಕಾ ಅವರ ಪುಸ್ತಕಗಳನ್ನೂ ಬಿಡಲಿಲ್ಲ. ಕೊನೆಗೆ ಪ್ರಕಾಶಕರು ಆ ಪುಸ್ತಕಗಳಿಗೆ ವಿವರಣೆಯ ಟಿಪ್ಪಣಿ ಸೇರಿಸಬೇಕಾಯಿತು. 'ಮ್ಯಾಡ್ ಬುಲ್' ಬರುವ ಎರಡು ವರ್ಷ ಮುಂಚೆಯೇ ಈ ಕೆಲಸ ಶುರುವಾಗಿತ್ತು.

ಇನ್ನೊಂದು ಅನಿಮೆ, 'ಏಂಜಲ್ ಕಾಪ್', 1989ರಿಂದ 94ರವರೆಗೆ ಬಂದದ್ದು. ಅದರ ಜಪಾನಿ ಮೂಲದಲ್ಲಿ ಎಲ್ಲ ಕೇಡಿಗೂ ಯಹೂದಿಗಳ ಪಿತೂರಿಯೇ ಕಾರಣ. ಇಂಗ್ಲಿಷ್ ಡಬ್ಬಿಂಗಿನಲ್ಲಿ ಅದನ್ನು ಬದಲಿಸಿದರು. ಬ್ರಿಟನ್ನಿನಲ್ಲಂತೂ ದೊಡ್ಡವರ ಸರ್ಟಿಫಿಕೇಟ್ ಸಿಗಲೆಂದು ಈ ಥರದ ಕ್ಯಾಸೆಟ್ಟುಗಳಿಗೆ ಮೂಲದಲ್ಲಿಲ್ಲದ ಬೈಗುಳ ಸೇರಿಸುತ್ತಿದ್ದರು. ನಾವು ಹಾರ್ಡ್ ಡಿಸ್ಕಿನಲ್ಲಿ ನೋಡಿ ನಕ್ಕದ್ದು ಹೀಗೆ ತೊಳೆದು, ಮತ್ತೆ ಮಸಾಲೆ ಅರೆದು ಹಾಕಿದ್ದನ್ನು. ಹಂಬಲಿಸುವ ಮುಂಚೆ ಯಾವುದಕ್ಕೆ ಹಂಬಲಿಸುತ್ತಿದ್ದೇವೆ ಎಂದಾದರೂ ಗೊತ್ತಿರಬೇಡವೇ?

ತಮ್ಮ ಒಂದು ವಿಷಯವನ್ನು ಬರೆಯಲೇ ಇಲ್ಲ. ಈ ಅನಿಮೆಗಳಲ್ಲಿ ಅತ್ಯಾಚಾರ ಮತ್ತೆ ಮತ್ತೆ ಬರುತ್ತದೆ. ಊರು ಎಷ್ಟು ಕೆಟ್ಟಿದೆ ಎಂದು ತೋರಿಸಲು ಒಬ್ಬ ಹೆಣ್ಣನ್ನು ಕೆಡವುತ್ತಾರೆ, ಕ್ಯಾಮೆರಾ ಅಲ್ಲೇ ನಿಲ್ಲುತ್ತದೆ. ರಜೆಯಲ್ಲಿ ಅಜ್ಜಿ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನೋಡಿದಾಗ ಆ ದೃಶ್ಯಗಳನ್ನು ಅವನು ಓಡಿಸಿಬಿಟ್ಟ. ನಾನು ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ. ಅಕ್ಕನ ಎದುರು ನೋಡಲಾಗದ್ದು ಅದರಲ್ಲಿದೆ ಎಂದು ಅವನಿಗೆ ಅವತ್ತೇ ಗೊತ್ತಿತ್ತು.

ಲಾಂಗು-ಮಚ್ಚಿನ ಸಿನಿಮಾ ನೋಡಿ ಬೆಂಗಳೂರನ್ನು ಯಾರೂ ತಪ್ಪು ತಿಳಿಯುವುದಿಲ್ಲ ಎಂದನಲ್ಲ, ನಮ್ಮ ಅಜ್ಜಿಯನ್ನೇ ಮರೆತ. ಪಿಯುಸಿ ಆದ ಮೇಲೆ ನನಗೆ ಬೆಂಗಳೂರಿನಲ್ಲಿ ಸೀಟು ಸಿಕ್ಕಿತ್ತು. "ಆ ಊರಲ್ಲಿ ಹಗಲೇ ಕಡೀತಾರಂತೆ, ನಾ ಟೀವಿಲಿ ನೋಡಿದೀನಿ" ಎಂದು ಅಜ್ಜಿ ಎರಡು ದಿನ ಊಟ ಬಿಟ್ಟರು. ನಾನು ಶಿವಮೊಗ್ಗದಲ್ಲೇ ಓದಿದೆ. ಅಜ್ಜಿಗೆ ಬುದ್ಧಿ ಇರಲಿಲ್ಲವೇ? ಇತ್ತು, ನಮ್ಮೆಲ್ಲರಿಗಿಂತ ಜಾಸ್ತಿ ಇತ್ತು. ಬೆಂಗಳೂರಿನದು ಬೇರೆ ಚಿತ್ರ ಅವರ ಹತ್ತಿರ ಇರಲಿಲ್ಲ, ಅಷ್ಟೇ.

ಬೇರೆ ಚಿತ್ರ ಸುಮ್ನೆ ಸಿಗುವುದಿಲ್ಲ. 1992ರ ಅಕ್ಟೋಬರ್ 17. ಜಪಾನಿನ ನಗೋಯಾ ಊರಿನ 16 ವರ್ಷದ ಹುಡುಗ ಯೋಶಿಹಿರೊ ಹಟ್ಟೋರಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಓದಲು ಬಂದಿದ್ದ. ಹ್ಯಾಲೋವೀನ್ ಪಾರ್ಟಿಗೆ ಹೊರಟು ತಪ್ಪು ಮನೆಯ ಬಾಗಿಲಿಗೆ ಹೋದ. ಮನೆಯವನು ಬಂದೂಕು ಹಿಡಿದು 'ಫ್ರೀಜ್' (ಅಲ್ಲಾಡಬೇಡ) ಎಂದು ಕೂಗಿ ಗುಂಡು ಹಾರಿಸಿದ. ಹುಡುಗ ಸತ್ತ. ಮುಂದಿನ ವರ್ಷ ಕೋರ್ಟು ಆ ಮನೆಯವನನ್ನು ನಿರಪರಾಧಿ ಎಂದು ಬಿಟ್ಟಿತು. ಕ್ಯಾಸೆಟ್ಟಿನಲ್ಲಿ ಕಂಡ ಅಮೆರಿಕ ನಿಜವಾಗಿಯೂ ಹಾಗೇ ಇದೆ ಎನ್ನಲು ಜಪಾನಿನವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಆ ಹುಡುಗನ ಅಪ್ಪ-ಅಮ್ಮ ಹಾಗೆ ಹೇಳಲಿಲ್ಲ. ಅಮೆರಿಕದ ಮನೆಗಳಲ್ಲಿ ಬಂದೂಕು ಬೇಡ ಎಂದು ಜಪಾನಿನಲ್ಲಿ ಸುಮಾರು 17 ಲಕ್ಷ ಸಹಿ ಕೂಡಿಸಿದರು. 1993ರ ನವೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಅವರನ್ನು ಭೇಟಿ ಮಾಡಿದರು. ಆಮೇಲೆ ಮಗನ ಹೆಸರಿನಲ್ಲಿ ಒಂದು ನಿಧಿ ಇಟ್ಟರು. ಅದರ ದುಡ್ಡಿನಲ್ಲಿ ಅಮೆರಿಕದ ಹೈಸ್ಕೂಲ್ ಮಕ್ಕಳನ್ನು ಜಪಾನಿಗೆ ಕರೆಸಿ, ಅಲ್ಲಿನ ಮನೆಗಳಲ್ಲಿ ಇಟ್ಟುಕೊಂಡು ಓದಿಸಿದರು.