ಅಪ್ಪನ ಜನನ ದಾಖಲೆ ಅಜ್ಜಿಯ ತವರಿನಲ್ಲಿತ್ತು

ನಮ್ಮ ಮನೆತನದ ವಂಶವೃಕ್ಷ ಬರೆಯಬೇಕು ಅಂತ ಹೊರಟು ಎರಡು ವರ್ಷ ಆಯಿತು. ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಬೇಕಾಗುವ ವಂಶವೃಕ್ಷ ನಾಡಕಚೇರಿಯಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಜಮೀನು ಯಾರ ಹೆಸರಿಗೆ ಹೋಗಬೇಕು ಅನ್ನುವುದಕ್ಕೆ ಅದು ಸಾಕು. ನನಗೆ ಬೇಕಿದ್ದದ್ದು ಯಾರು ಎಲ್ಲಿ ಹುಟ್ಟಿದರು, ಯಾವಾಗ ಹೋದರು ಅನ್ನುವ ಲೆಕ್ಕ. ನನ್ನ ಹಾಗೆ ಹುಡುಕುತ್ತಿರುವವರಿಗೆ ಒಂದು ಮಾತು ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಯಾವ ಕಚೇರಿಗೂ ಹೋಗುವ ಮುಂಚೆ, ನಿಮ್ಮ ಮನೆಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳ ತವರೂರು ಯಾವುದು ಅಂತ ಒಂದೊಂದಾಗಿ ಬರೆದಿಟ್ಟುಕೊಳ್ಳಿ.

ನಾನು ಇದನ್ನು ಮಾಡದೆ ಸುಮ್ನೆ ಅಲೆದೆ. ನಮ್ಮೂರು ತುಮಕೂರು ಜಿಲ್ಲೆಯಲ್ಲಿದೆ. ಅಪ್ಪ ಅಲ್ಲೇ ಬೆಳೆದವರು, ಹುಟ್ಟಿದ್ದೂ ಅಲ್ಲೇ ಅಂದುಕೊಂಡಿದ್ದೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವರ ಹುಟ್ಟಿದ ದಿನ 1-6-1948 ಅಂತ ಇದೆ. ಆ ತಾರೀಖು ಮೇಷ್ಟ್ರು ಬರೆದದ್ದು. ಆಗೆಲ್ಲ ಹುಡುಗರನ್ನು ಶಾಲೆಗೆ ಸೇರಿಸುವಾಗ ತಲೆ ಮೇಲಿಂದ ಕೈ ಹಾಯಿಸಿ ಆ ಕಡೆಯ ಕಿವಿ ಮುಟ್ಟುತ್ತದಾ ಅಂತ ನೋಡುತ್ತಿದ್ದರು, ಮುಟ್ಟಿದರೆ ವಯಸ್ಸಾಗಿದೆ ಅಂತ ಲೆಕ್ಕ, ಆಮೇಲೆ ಶಾಲೆ ಶುರುವಾಗುವ ಹೊತ್ತಿನ ಒಂದು ದಿನ ಬರೆದುಬಿಡುತ್ತಿದ್ದರು. ನಿಮ್ಮ ಮನೆಯ ಹಿರಿಯರಲ್ಲಿ ಎಷ್ಟು ಜನ ದಾಖಲೆಯ ಪ್ರಕಾರ ಮೇ, ಜೂನ್, ಜುಲೈನಲ್ಲಿ ಹುಟ್ಟಿದ್ದಾರೆ ಅಂತ ಒಮ್ಮೆ ನೋಡಿ. ಆ ತಾರೀಖು ಹಿಡಿದು ಜನನ ರಿಜಿಸ್ಟರ್ ಹುಡುಕಿಸಿದರೆ ಏನೂ ಸಿಗುವುದಿಲ್ಲ. ನನಗೂ ಸಿಗಲಿಲ್ಲ. ಮೂರು ಸಲ ಹೋದೆ, ಮೂರನೇ ಸಲ ‘ದಾಖಲೆ ಲಭ್ಯವಿಲ್ಲ’ ಅಂತ ಬರೆದುಕೊಟ್ಟರು.

ದಾರಿ ತೋರಿಸಿದ್ದು ಚಿಕ್ಕಜ್ಜಿ, ಅಂದರೆ ನನ್ನ ಅಜ್ಜಿಯ ಕೊನೆಯ ತಂಗಿ. ಅಪ್ಪ ಹುಟ್ಟಿದಾಗ ಅವರಿಗೆ ಎಂಟು ವರ್ಷ. ನಾನು ಕೇಳಿದ ಕೂಡಲೇ, "ಅಯ್ಯೋ ಮಗಾ, ನಿಮ್ಮಪ್ಪ ಅಲ್ಲೆಲ್ಲಿ ಹುಟ್ದ? ನಮ್ಮನೆ ಒಳಕೋಣೇಲಿ ಹುಟ್ಟಿದ್ದು. ದೀಪಾವಳಿ ಆದ ಮಾರನೇ ದಿನ, ಕಜ್ಜಾಯ ಇನ್ನೂ ಡಬ್ಬೀಲಿತ್ತು" ಅಂದರು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಅನ್ನುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಅಪ್ಪ ಮೊದಲನೇ ಮಗ. ಜನನ ಮರಣ ಬರೆದುಕೊಳ್ಳುವುದು ಅದು ನಡೆದ ಊರಿನಲ್ಲಿ, ಕುಟುಂಬದ ಮನೆ ಇರುವ ಊರಿನಲ್ಲಲ್ಲ. ಇವೆರಡೂ ಗೊತ್ತಿದ್ದೂ ಒಂದಕ್ಕೊಂದು ಸೇರಿಸಿ ನೋಡಿರಲಿಲ್ಲ.

ಇಸವಿ ಸಿಕ್ಕಿದ್ದು ಸಂವತ್ಸರದಿಂದ. ಚಿಕ್ಕಜ್ಜಿಗೆ ಇಸವಿ ಗೊತ್ತಿರಲಿಲ್ಲ, ಆದರೆ ಆ ಮನೆಯ ಹಳೇ ಲೆಕ್ಕದ ಪುಸ್ತಕದಲ್ಲಿ ‘ಸರ್ವಜಿತು ಸಂವತ್ಸರ, ಬಾಣಂತನದ ಖರ್ಚು’ ಅಂತ ಒಂದು ಸಾಲು ಇತ್ತು. ಇದನ್ನು ಇಸವಿಗೆ ತಿರುಗಿಸುವುದು ಕಷ್ಟವಲ್ಲ. ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವ ಈಚೆಗೆ ಶುರುವಾದದ್ದು 1987ರ ಯುಗಾದಿಗೆ, ಅದಕ್ಕೂ ಹಿಂದಿನದು 1927ಕ್ಕೆ. ಸರ್ವಜಿತು ಇಪ್ಪತ್ತೊಂದನೆಯದು. ಅಲ್ಲಿಗೆ 1947ರ ಯುಗಾದಿಯಿಂದ 1948ರ ಯುಗಾದಿಯವರೆಗೆ. ಸ್ವಾತಂತ್ರ್ಯ ಬಂದ ವರ್ಷದ ದೀಪಾವಳಿ ನವೆಂಬರ್ ಎರಡನೇ ವಾರದಲ್ಲಿ ಬಂದಿತ್ತು. ಅಷ್ಟು ಸಾಕಾಯಿತು.

ಅಜ್ಜಿಯ ತವರು ಹಾಸನ ಜಿಲ್ಲೆ. ಹಳ್ಳಿಗಳಲ್ಲಿ ಜನನ ಮರಣ ನೋಂದಾಯಿಸುತ್ತಿದ್ದದ್ದು ಗ್ರಾಮ ಲೆಕ್ಕಿಗರು, ಈಗ ಗ್ರಾಮ ಆಡಳಿತಾಧಿಕಾರಿ ಅನ್ನುತ್ತೇವಲ್ಲ, ಅವರೇ. ಆದರೆ ಹಳೇ ಪುಸ್ತಕಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೇ ಹೋಗಬೇಕು. ಅಲ್ಲಿದ್ದ ಗುಮಾಸ್ತರು ತಾಳ್ಮೆಯ ಮನುಷ್ಯ. ಕೆಂಪು ಬಟ್ಟೆಯ ಕಟ್ಟು ಬಿಚ್ಚಿ, ಹೋಬಳಿ ನೋಡಿ, ಊರು ನೋಡಿ, ಪುಟ ತಿರುಗಿಸಿದರು. ಅಂಚು ಮುಟ್ಟಿದರೆ ಪುಡಿಯಾಗುತ್ತಿತ್ತು. 14 ನವೆಂಬರ್ 1947. ಗಂಡು. ಮಗುವಿನ ಹೆಸರಿನ ಜಾಗ ಖಾಲಿ. ತಂದೆಯ ಹೆಸರು, ತಂದೆಯ ಊರು ನಮ್ಮದೇ. ತಿಳಿಸಿದವರು ಅನ್ನುವ ಕಡೆ ಅಜ್ಜಿಯ ಅಪ್ಪನ ಹೆಸರು, ಪಕ್ಕದಲ್ಲಿ ಹೆಬ್ಬೆಟ್ಟು. ಆ ಮುತ್ತಜ್ಜನ ಹೆಸರೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಸಿ ಸ್ವಲ್ಪ ಹರಡಿತ್ತು, ಆದರೂ ಗೆರೆಗಳು ಕಾಣುತ್ತಿದ್ದವು.

ಹೆಸರಿನ ಜಾಗ ಖಾಲಿ ಇತ್ತು ಅಂದೆನಲ್ಲ, ಅದನ್ನು ಗಮನಿಸಿ. ಹುಟ್ಟಿದ ಕೆಲವೇ ದಿನಕ್ಕೆ ಬರೆಸಿಬಿಡುತ್ತಾರೆ, ನಾಮಕರಣ ಆಗುವುದು ಆಮೇಲೆ. ಹೋಗಿ ಹೆಸರು ಸೇರಿಸುವವರು ಕಡಿಮೆ. ಹೀಗಾಗಿ ಕೌಂಟರಿನಲ್ಲಿ ಬರೀ ಹೆಸರು ಹೇಳಿ ಹುಡುಕಿ ಅಂದರೆ ಇಲ್ಲ ಅನ್ನುತ್ತಾರೆ, ಅದರಲ್ಲಿ ಅವರದೇನೂ ತಪ್ಪಿಲ್ಲ. ಊರು, ಹೆಚ್ಚುಕಡಿಮೆ ತಾರೀಖು, ತಂದೆಯ ಹೆಸರು, ಗಂಡೋ ಹೆಣ್ಣೋ, ಇಷ್ಟು ಕೊಟ್ಟು ಹುಡುಕಿಸಿ. ಮುಂಚೆ ಪಿಂಚಣಿಗೋ ಪಾಸ್‌ಪೋರ್ಟಿಗೋ ‘ಲಭ್ಯವಿಲ್ಲ’ ಅಂತ ಬರೆಸಿಕೊಂಡವರು ಇನ್ನೊಮ್ಮೆ ಈ ರೀತಿ ಹುಡುಕಿಸಬೇಕು ಅಂತ ನಾನು ಖಂಡಿತ ಹೇಳುತ್ತೇನೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ರಿಜಿಸ್ಟರ್ ಹುಡುಕಿಸಬಹುದು. ನಕಲಿನಲ್ಲಿ ಸಾವಿನ ಕಾರಣ ಮಾತ್ರ ಕೊಡುವುದಿಲ್ಲ.

ಆ ಕಾರಣದ ವಿಷಯ ಯಾಕೆ ಹೇಳಿದೆ ಅಂದರೆ, ಅದೇ ಊರಿನ 1949ರ ಪುಟಗಳನ್ನೂ ಗುಮಾಸ್ತರು ತೆಗೆದರು. ಅಜ್ಜಿ ಎರಡನೇ ಹೆರಿಗೆಗೂ ಅಲ್ಲಿಗೇ ಹೋಗಿದ್ದರು ಅಂತ ಚಿಕ್ಕಜ್ಜಿ ಹೇಳಿದ್ದರು. ನಾನು ಹುಡುಕುತ್ತಿದ್ದದ್ದು ನನ್ನ ಚಿಕ್ಕಪ್ಪನನ್ನು. ಸಿಕ್ಕಿದ್ದು ಒಂದು ಹೆಣ್ಣು ಮಗು. ಜೂನ್ ತಿಂಗಳು, ತಂದೆಯ ಹೆಸರು ನನ್ನ ತಾತನದು, ಹೆಸರಿನ ಜಾಗ ಖಾಲಿ. ಒಂಬತ್ತು ದಿನ ಬಿಟ್ಟು ಮರಣದ ಪುಸ್ತಕದಲ್ಲಿ ಅದೇ ತಂದೆಯ ಹೆಸರು. ಕಾರಣ, ‘ಜ್ವರ’. ನಮ್ಮಪ್ಪನಿಗೆ ಒಬ್ಬ ತಂಗಿ ಇದ್ದದ್ದು ಅಪ್ಪನಿಗೇ ಗೊತ್ತಿರಲಿಲ್ಲ. ಸಂಜೆ ಹೋಗಿ ಚಿಕ್ಕಜ್ಜಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೂಂ, ಒಂದಿತ್ತು. ಅಕ್ಕ ಆಮೇಲೆ ಅದರ ಮಾತೇ ಎತ್ತಲಿಲ್ಲ. ನಾವೂ ಕೇಳಲಿಲ್ಲ" ಅಂದರು.

ಮನೆಮನೆಯ ವಂಶಾವಳಿ ಹಾಡಿ ಹೇಳುವ ಹೆಳವರು ಇದ್ದಾರಲ್ಲ, ನಮ್ಮ ಮನೆತನದ ಹೆಳವರು ಎತ್ತು ಹೊಡೆದುಕೊಂಡು ಬಂದು ಏಳು ತಲೆಮಾರು ಹಾಡಿದ್ದನ್ನು ಚಿಕ್ಕವನಿದ್ದಾಗ ಕೇಳಿದ್ದೇನೆ. ಮೂಲ ಊರು ಯಾವುದು, ಯಾವ ಬರಗಾಲದಲ್ಲಿ ಎಲ್ಲಿಂದ ಎದ್ದು ಬಂದರು ಅನ್ನುವುದು ಇವತ್ತಿಗೂ ಅವರಿಂದಲೇ ಗೊತ್ತಾಗಬೇಕು, ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ನಾನು ಕೇಳಿದಷ್ಟರಲ್ಲಿ ಅಪ್ಪ, ಮಗ, ಮೊಮ್ಮಗ ಇಷ್ಟೇ ಇತ್ತು. ನಾಡಕಚೇರಿಯ ವಂಶವೃಕ್ಷ ಮಾಡಿಸುವಾಗ ಕೂಡ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡುವವರು ಎಷ್ಟೋ ಜನ ಇದ್ದಾರೆ, ಇದು ತಪ್ಪು. ಅವರನ್ನು ಬಿಟ್ಟರೆ ನಾಳೆ ಗಂಡುಮಕ್ಕಳ ಜನನ ದಾಖಲೆಯ ದಾರಿಯೂ ಮುಚ್ಚಿಹೋಗುತ್ತದೆ, ಯಾಕೆಂದರೆ ಆ ದಾರಿ ಇರುವುದೇ ಅವರ ತವರಿನ ಮೂಲಕ.

ತವರು ಬೇರೆ ಸೀಮೆಯದಾದರೆ ಕೆಲಸ ಇನ್ನೂ ಜಾಸ್ತಿ. 1956ರ ನವೆಂಬರ್ 1ಕ್ಕೆ ಮುಂಚೆ ನಮ್ಮ ನಾಡು ಹಲವು ಕಡೆ ಹಂಚಿಹೋಗಿತ್ತಲ್ಲ. ಕಲಬುರಗಿ, ಬೀದರ್, ರಾಯಚೂರು ಹೈದರಾಬಾದಿನಲ್ಲಿದ್ದವು, ಅಲ್ಲಿಯ ಹಳೇ ಕಾಗದಕ್ಕೆ ಉರ್ದು ಓದಲು ಬರುವವರು ಬೇಕು, ಇಸವಿಯೂ ನಿಜಾಮರ ಆಡಳಿತದಲ್ಲಿ ಬಳಸುತ್ತಿದ್ದ ಫಸಲಿ ಲೆಕ್ಕದಲ್ಲಿರಬಹುದು. ಧಾರವಾಡ, ಬೆಳಗಾವಿ ಕಡೆ ಮರಾಠಿ ಬರೆಯಲು ಹಿಂದೆ ಬಳಸುತ್ತಿದ್ದ ಮೋಡಿ ಲಿಪಿ ಎದುರಾಗುತ್ತದೆ. ಕಾಸರಗೋಡು ಆಗ ದಕ್ಷಿಣ ಕನ್ನಡದ ತಾಲ್ಲೂಕು, ಈಗ ಕೇರಳ. ಮಂಗಳೂರಿನ ನನ್ನ ಗೆಳತಿಗೆ ಮಾತ್ರ ಅವರ ಅಜ್ಜಿಯ ತವರಿನ ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿ ತಾಯಿಯ ಹೆಸರು, ಜ್ಞಾನಪಿತೃಗಳ ಹೆಸರು ಎಲ್ಲಾ ಒಂದೇ ಸಾಲಿನಲ್ಲಿ ಸಿಕ್ಕಿತು. ಅಲ್ಲೂ ತವರೇ ನೋಡಿ.

ಸರ್ಕಾರವನ್ನು ಒಂದು ಕೇಳಬೇಕು ಅನ್ನಿಸುತ್ತದೆ. ಪಹಣಿ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂತು. ಈಗ ಭೂ ಸುರಕ್ಷಾ ಅಂತ ತಾಲ್ಲೂಕು ಕಚೇರಿಯ ಹಳೇ ಭೂ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ಬಹಳ ಒಳ್ಳೆಯ ಕೆಲಸ. ಜನನ ಮರಣದ ಹಳೇ ಪುಸ್ತಕಗಳನ್ನೂ ಹಾಗೇ ಎಲ್ಲ ತಾಲ್ಲೂಕಿನಲ್ಲೂ ಪುಟಪುಟ ಸ್ಕ್ಯಾನ್ ಮಾಡಿ, ದಯವಿಟ್ಟು. ಪಹಣಿಗೆ ಹತ್ತು ಕಡೆ ಸಾಕ್ಷಿ ಇರುತ್ತದೆ. ಒಂಬತ್ತು ದಿನ ಬದುಕಿದ ಮಗುವಿಗೆ ಆ ಎರಡು ಸಾಲು ಬಿಟ್ಟರೆ ಬೇರೆ ಏನೂ ಇಲ್ಲ.

ಮನೆಯ ವಂಶವೃಕ್ಷದಲ್ಲಿ ಅಪ್ಪನ ಪಕ್ಕ ಈಗ ‘ತಂಗಿ, 1949’ ಅಂತ ಬರೆದಿದ್ದೇನೆ. ಮುಂದಿನ ತಿಂಗಳು ಅಜ್ಜಿಯ ಸ್ವಂತ ಜನನ ದಾಖಲೆ ಹುಡುಕಲು ಹೋಗಬೇಕು. ಅಜ್ಜಿಯೂ ಚೊಚ್ಚಲು. ಅವರ ತಾಯಿಯ ತವರು ಕಡೂರು ಕಡೆ ಅನ್ನುವುದಷ್ಟೇ ಚಿಕ್ಕಜ್ಜಿಗೆ ನೆನಪು, ಊರಿನ ಹೆಸರು ಬರುತ್ತಿಲ್ಲ. ಊರ ಮುಂದೆ ಕೆರೆ, ಏರಿ ಮೇಲೆ ಮೂರು ಹುಣಸೆಮರ ಇತ್ತಂತೆ.