ಹಳದಿ ದೀಪಕ್ಕೆ ನೂರೆಂಟು ವೈದ್ಯರು

ಡ್ಯಾಶ್‌ಬೋರ್ಡಿನ ಮೇಲಿರುವ ದೀಪಗಳಲ್ಲಿ ಹೆಚ್ಚಿನವು ಮರ್ಯಾದಸ್ಥ ದೀಪಗಳು. ಪೆಟ್ರೋಲ್ ಪಂಪಿನ ಚಿತ್ರ ಹೊತ್ತಿದರೆ ಪೆಟ್ರೋಲ್ ಹಾಕಿಸು ಅಂತ. ಬೆಲ್ಟಿನ ಚಿತ್ರ ಹೊತ್ತಿದರೆ ಬೆಲ್ಟ್ ಕಟ್ಟಿಕೋ ಅಂತ. ಎಂಜಿನ್ ದೀಪ ಮಾತ್ರ ಬಾಯಿಬಿಟ್ಟು ಏನೂ ಹೇಳೋದಿಲ್ಲ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾದರೂ ಅದೇ ಹಳದಿ ದೀಪ, ಎಂಜಿನ್ನಿಗೆ ಗಂಡಾಂತರ ಬಂದರೂ ಅದೇ ಹಳದಿ ದೀಪ. ಉಳಿದದ್ದು ನಾವು ಊಹೆ ಮಾಡಿಕೊಂಡು ಒದ್ದಾಡಬೇಕು.

ನಮ್ಮ ಕಾರಿನಲ್ಲಿ ಅದನ್ನು ಮೊದಲು ಕಂಡವಳು ನನ್ನ ಹೆಂಡತಿ. "ರೀ, ಅದೇನ್ರೀ ಹಳದೀದು? ನಿನ್ನೆ ಇರಲಿಲ್ಲ ಅಲ್ವಾ?" ಕಾರೇನೋ ಓಡುತ್ತಿತ್ತು. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಸೀಟಿನ ಸಮೇತ ನಮ್ಮಿಬ್ಬರನ್ನೂ ನಡುಗಿಸುತ್ತಿತ್ತು.

ಸುದ್ದಿ ಹಬ್ಬಿದ್ದೇ ತಡ, ವೈದ್ಯರು ಹುಟ್ಟಿಕೊಂಡರು. ಆಫೀಸಿನ ಹಿರಿಯರೊಬ್ಬರು, "ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿಬಿಡಿ, ನಾನು ಹಾಗೇ ಮಾಡಿದ್ದು" ಎಂದರು. ಅವರು ಈಗ ಬಸ್ಸಿನಲ್ಲಿ ಓಡಾಡುವ ವಿಷಯವನ್ನು ನಾನು ಎತ್ತಲಿಲ್ಲ. ನನ್ನ ಭಾವಮೈದ ಫೋನಿನಲ್ಲೇ ಬ್ಯಾಟರಿ ಅಂದ, ಪಂಪ್ ಅಂದ, ಫಿಲ್ಟರ್ ಅಂದ, ಪ್ಲಗ್ ಅಂದ. ಕೊನೆಗೆ "ಬ್ಯಾಟರಿ ವೈರ್ ಸ್ವಲ್ಪ ಹೊತ್ತು ಕಳಚಿ ಹಾಕಿ ಭಾವ, ದೀಪ ತಾನಾಗೇ ಹೋಗುತ್ತೆ" ಅಂದ. ಬಹಳಷ್ಟು ಕಾರುಗಳಲ್ಲಿ ಹೋಗುತ್ತದೆ, ಸುಳ್ಳಲ್ಲ. ಆದರೆ ಅದರ ಜೊತೆಗೆ ಕಾರಿನೊಳಗಿನ ಕಂಪ್ಯೂಟರ್ ಬರೆದಿಟ್ಟುಕೊಂಡ ದೂರೂ ಅಳಿಸಿಹೋಗುತ್ತದೆ, ಗಡಿಯಾರದ ಟೈಮೂ ಹೋಗುತ್ತದೆ. ಹೋಗದೇ ಉಳಿಯುವುದು ರೋಗ ಒಂದೇ.

ಅಷ್ಟರಲ್ಲಿ ಒಂದು ಏರು ಹತ್ತುವಾಗ ದೀಪ ಮಿನುಗತೊಡಗಿತು. ಇದು ಬೇರೆಯೇ ಕಥೆ. ಹಳದಿ ದೀಪ ಸುಮ್ನೆ ಹೊತ್ತಿಕೊಂಡಿದ್ದರೆ, ಕಾರು ಸರಿಯಾಗಿ ಓಡುತ್ತಿದ್ದರೆ, ನಿಧಾನವಾಗಿ ಹೋಗಿ ತೋರಿಸಬಹುದು. ಮಿನುಗಿದರೆ ಮಾತ್ರ ಎಂಜಿನ್ ಜೋರಾಗಿ ಮಿಸ್ ಹೊಡೆಯುತ್ತಿದೆ ಎಂದು ಅರ್ಥ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಹೊಗೆ ಕೊಳವೆಯ ದಾರಿ ಹಿಡಿದು, ಹೊಗೆಯ ವಿಷ ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಕಾದು ಕೆಟ್ಟರೆ ಬಿಲ್ ನೋಡಿ ನಾವೂ ಉರಿಯಬೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದು ಮೆಲ್ಲಗೆ ಪಕ್ಕಕ್ಕೆ ನಿಲ್ಲಿಸಿದೆ.

ಭಾವಮೈದ ಓಡಿ ಬಂದ. ಕೈಯಲ್ಲಿ ಕಂಪ್ಯೂಟರಿನ ದೂರು ಓದುವ, ಹೆಬ್ಬೆರಳಿನ ಗಾತ್ರದ ಸ್ಕ್ಯಾನರ್. ಅದನ್ನು ಸಿಕ್ಕಿಸಲು ಸ್ಟೇರಿಂಗಿನ ಕೆಳಗೆಲ್ಲೋ 16 ಪಿನ್ನಿನ ಸಾಕೆಟ್ ಇರುತ್ತದೆ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಆಮೇಲೆ ಬೇರೆ ದೇಶಗಳಲ್ಲೂ ಬಂತು. ಎಲ್ಲ ಸರಿ, ಆದರೆ ಕಾಲಿಡುವ ಜಾಗದಲ್ಲಿ ತಲೆಯಿಡದೆ ಆ ಸಾಕೆಟ್ ಕಾಣುವುದಿಲ್ಲ. ಭಾವಮೈದನ ಕಾಲುಗಳೆರಡೂ ಬಾಗಿಲಿನಿಂದ ಹೊರಗೆ. ಒಳಗಿನಿಂದ "ಸಿಕ್ತು! ಇಲ್ಲ, ಇದು ಫ್ಯೂಸ್ ಬಾಕ್ಸು" ಎಂಬ ವರದಿ. ಕೊನೆಗೆ ನಿಜವಾಗಿಯೂ ಸಿಕ್ಕಿತು. ಏಳಲು ಸ್ಟೇರಿಂಗ್ ಮೇಲೆ ಕೈ ಊರಿದ. ಹಾರ್ನ್ ಕೂಗಿತು. ನೋಡದೇ ಇದ್ದವರೂ ತಿರುಗಿ ನೋಡಿದರು.

ಮೊಬೈಲಿನಲ್ಲಿ ಬಂದ ಕೋಡ್ ಪಿ0303. ಪಿ ಅಂದರೆ ಎಂಜಿನ್ ಮತ್ತು ಗೇರಿನ ಕಡೆಯ ತೊಂದರೆ. ಆಮೇಲಿನ 0 ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥದ ಕೋಡ್. ಕೊನೆಯ 03 ಮೂರನೇ ಸಿಲಿಂಡರ್. ಒಟ್ಟಿನಲ್ಲಿ ಮೂರನೆಯದು ಮಿಸ್ ಹೊಡೆಯುತ್ತಿದೆ. "ಎಂಜಿನ್ ಇಳಿಸಲೇಬೇಕು ಭಾವ" ಎಂದು ತೀರ್ಪು ಬಂತು. ಕೋಡ್ ಹಾಗೆ ಹೇಳಿರಲಿಲ್ಲ. ಯಾವ ಮಗು ಅಳುತ್ತಿದೆ ಅಂತ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಕಿಡಿ ಹಾರಿಸುವ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಯಾವುದೂ ಆಗಿರಬಹುದು.

ಗಾಡಿ ಎಳೆಸಿಕೊಂಡು ಹೋಗಿ ಗ್ಯಾರೇಜಿಗೆ ಬಿಟ್ಟೆವು. ಮೆಕ್ಯಾನಿಕ್ ಜಾಸ್ತಿ ಮಾತಿನವನಲ್ಲ. ಬಾನೆಟ್ ಎತ್ತಿದ. ಮೂರನೇ ಸಿಲಿಂಡರಿನ ಕಾಯಿಲಿನ ವೈರ್ ಕಳಚಿ, ಹತ್ತರ ಬೋಲ್ಟ್ ಬಿಚ್ಚಿ, ಕಾಯಿಲನ್ನು ಅತ್ತಿತ್ತ ತಿರುಚಿ ಮೇಲಕ್ಕೆ ಎಳೆದ. ಒಂದನೆಯದನ್ನೂ ಹಾಗೆಯೇ ಎಳೆದ. ಎರಡನ್ನೂ ಅದಲು ಬದಲು ಮಾಡಿ ಕೂರಿಸಿ, ಹಳೇ ಕೋಡ್ ಅಳಿಸಿ, ಎಂಜಿನ್ ಚಾಲೂ ಮಾಡಿದ. ಮತ್ತೆ ಅದೇ ನಡುಕ. ಸ್ವಲ್ಪ ಹೊತ್ತಿಗೆ ಕೋಡ್ ಬಂತು. ಈ ಸಲ ಪಿ0301.

"ಅಯ್ಯೋ ಭಾವ, ಈಗ ಒಂದನೆಯದೂ ಕೆಟ್ಟಿತು!" ಎಂದು ಭಾವಮೈದ ತಲೆಗೆ ಕೈ ಹಚ್ಚಿದ. ಮೆಕ್ಯಾನಿಕ್ ಮೊದಲ ಸಲ ನಕ್ಕ. "ಕಾಯಿಲ್ ಹೋದ ಕಡೆ ಕಂಪ್ಲೇಂಟ್ ಹೋಯ್ತು ಸಾರ್. ಕಳ್ಳ ಅದೇ." ಮಿಸ್ ಮೂರನೆಯದರಲ್ಲೇ ಉಳಿದಿದ್ದರೆ ಆಗ ಪ್ಲಗ್, ಇಂಜೆಕ್ಟರ್ ಅಂತ ಮುಂದೆ ಹುಡುಕಬೇಕಿತ್ತಂತೆ. ದುಬಾರಿ ಮಿಷನ್ನುಗಳ ನಡುವೆ ನಿಂತು ಬರೀ ಜಾಗ ಬದಲಾಯಿಸಿ ಕಳ್ಳನನ್ನು ಹಿಡಿದ ಈ ಮನುಷ್ಯನ ಮೇಲೆ ನನಗೆ ವಿಪರೀತ ಗೌರವ ಬಂತು. ಹೊಸ ಕಾಯಿಲ್ ಕೂರಿಸಿದ್ದೇ ನಡುಕ ನಿಂತಿತು. ಕೋಡ್ ಅಳಿಸಿದ, ದೀಪ ಆರಿತು.

ಮನೆಗೆ ಬಂದ ಕೂಡಲೇ ಭಾವಮೈದ ಅವನ ಅಕ್ಕನ ಮುಂದೆ ಕೂತ. "ಕಾಯಿಲ್ ಅಂತ ನಾನು ಮೊದಲೇ ಹೇಳಿದ್ದೆ ಅಕ್ಕ, ಭಾವ ಕೇಳಲಿಲ್ಲ." ಅವಳು ನನ್ನ ಕಡೆ ನೋಡಿದಳು. ಬಾನೆಟ್ಟಿನ ಕೆಳಗಿರುವ ಅಷ್ಟೂ ಸಾಮಾನುಗಳ ಹೆಸರು ಹೇಳಿದವನು ಕಾಯಿಲ್ ಒಂದನ್ನು ಬಿಟ್ಟಿದ್ದ ಎಂದು ಯಾವ ಧೈರ್ಯದ ಮೇಲೆ ವಾದಿಸಲಿ? "ಹೇಳಿರಬೇಕು ಬಿಡು" ಎಂದೆ.