ನೊರೆ ನಿಂತರೆ ಸಾಕೇ?

"ಅಣ್ಣಾ, ನೊರೆ ನಿಂತೋಯ್ತು, ನೀರು ತಿಳಿಯಾಗೈತೆ. ಇನ್ನೇನು ಬೇಕು ನಿಂಗೆ? ಅಲ್ಲಿ ಕೂತ್ಕೊಂಡು ಹೇಳೋದು ಸುಲಭ." ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಅವರ ಕೆರೆಗಳಿಗೆ ಬರುವ ಸಂಸ್ಕರಿಸಿದ ಕೊಳಚೆ ನೀರಿನ ಮಾತು ಬಂದಾಗ ಕೋಲಾರದಿಂದ ನನ್ನ ತಮ್ಮ ಹೀಗಂದ. ಮಾತು ಚುಚ್ಚಿತು.

ನಾನಿರುವುದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಕ್ಕದಲ್ಲಿ. ಹತ್ತಿರದ ಡ್ಯೂಬೆನ್‌ಡಾರ್ಫ್‌ನ ಕೊಳಚೆ ನೀರಿನ ಘಟಕದಲ್ಲಿ, ಕೊಳೆಯೆಲ್ಲ ತೆಗೆದಾದ ಮೇಲೂ ನೀರಿಗೆ ಓಝೋನ್ ಹಾಯಿಸುತ್ತಾರೆ. ಔಷಧಿ, ಕೀಟನಾಶಕಗಳಂಥ ಸೂಕ್ಷ್ಮ ಉಳಿಕೆಗಳಿಗೆಂದೇ 2014ರಿಂದ ನಡೆದಿರುವ ಹಂತ ಅದು. 2016ರಲ್ಲಿ ಇದಕ್ಕೆ ದೇಶದ ಕಾನೂನೇ ಬಂತು. ಆಯ್ದ ಘಟಕಗಳು ಇಂಥ ಉಳಿಕೆಯನ್ನು ಶೇ. 80ರಷ್ಟು ತೆಗೆಯಲೇಬೇಕು. ಖರ್ಚಿಗೆಂದು ತಲೆಗೆ ವರ್ಷಕ್ಕೆ 9 ಫ್ರಾಂಕ್ ಲೆಕ್ಕದಲ್ಲಿ ಘಟಕಗಳಿಂದ ವಸೂಲಿ ಮಾಡುತ್ತಾರೆ. ಕೊನೆಗೆ ಅದು ಊರವರ ಚರಂಡಿ ಶುಲ್ಕಕ್ಕೇ ಬಂದು ಸೇರುತ್ತದೆ. ನನ್ನ ಪರಿಚಯದವರಲ್ಲಿ ಯಾರೂ ಗೊಣಗಿದ್ದು ಕೇಳಿಲ್ಲ.

ನಮ್ಮಲ್ಲಿ? ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೇ ಹಂತ ಬೇಕೆಂದು ರೈತರು ಬೀದಿಗಿಳಿದರು. ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಾಗ ಗದ್ದಲವೂ ಆಯಿತು. ನೊರೆ ಕಣ್ಣಿಗೆ ಕಾಣುತ್ತದೆ, ನೀರಿನಲ್ಲಿ ಕರಗಿದ ಮಾತ್ರೆ ಕಾಣುವುದಿಲ್ಲ. ಮೂರ್ಛೆ ರೋಗಕ್ಕೆ ಕೊಡುವ ಕಾರ್ಬಮಜೆಪೀನ್ ಅನ್ನು ಕೊಳಚೆ ಸಂಸ್ಕರಣಾ ಘಟಕದ (ಎಸ್‌ಟಿಪಿ) ಸೂಕ್ಷ್ಮಾಣುಗಳು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ನೋವಿನ ಮಾತ್ರೆ ಡೈಕ್ಲೋಫೆನಾಕ್ ಕೂಡ ಬಹುಪಾಲು ಹಾಗೇ ದಾಟುತ್ತದೆ. ದನಗಳಿಗೆ ಕೊಟ್ಟ ಇದೇ ಔಷಧಿಯಿಂದ ರಣಹದ್ದುಗಳು ಸತ್ತವೆಂದು 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದ್ದು ನಮ್ಮ ದೇಶವೇ. ಅಷ್ಟು ಕಲಿತವರು ನೀರಿನ ವಿಷಯದಲ್ಲೇಕೆ ಸುಮ್ಮನಿದ್ದೇವೆ?

ದಾರಿಗಳಿಲ್ಲವೆಂದಲ್ಲ. ಗೆಳೆಯನ ಪ್ರಯೋಗಾಲಯದಲ್ಲಿ ವಿದ್ಯುತ್ತಿನಿಂದ ನೀರು ಶುದ್ಧಮಾಡುವುದನ್ನು ನೋಡಿದೆ. ಅಂಗೈಯಗಲದ ಕಪ್ಪು ತಗಡು; ಮೇಲೆ ಬೋರಾನ್ ಬೆರೆಸಿದ ವಜ್ರದ ಪದರ, ಕೂದಲೆಳೆಗಿಂತಲೂ ತೆಳು. ಕರೆಂಟ್ ಹಾಯಿಸಿದ ಕೂಡಲೇ ತಗಡಿನ ಮೈಯೆಲ್ಲ ಸಣ್ಣ ಗುಳ್ಳೆ. ಅಲ್ಲಿ ನೀರೇ ಒಡೆದು ಹೈಡ್ರಾಕ್ಸಿಲ್ ರಾಡಿಕಲ್‌ಗಳೆಂಬ ಬಲು ಚುರುಕಿನ ಕಣಗಳು ಹುಟ್ಟುತ್ತವೆ. ಅವುಗಳ ಆಯುಷ್ಯ ಕ್ಷಣದ ಒಂದು ಚೂರು. ಅಷ್ಟರಲ್ಲೇ ಸಿಕ್ಕ ಔಷಧಿಯ ಅಣುವನ್ನು ಹರಿದುಹಾಕುತ್ತವೆ. ಸಾಕಷ್ಟು ಹೊತ್ತು ಬಿಟ್ಟರೆ ಉಳಿಯುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟುಗಳವರು ಹೇಳುವ ಎಲೆಕ್ಟ್ರೋ-ಕೊಯಾಗ್ಯುಲೇಷನ್ ಇದಲ್ಲ. ಅದು ತೇಲುವ ಕೊಳೆಯನ್ನು ಗಂಟುಕಟ್ಟಿಸುತ್ತದೆ; ಕರಗಿದ ಔಷಧಿ ಬಹುಮಟ್ಟಿಗೆ ಅಲ್ಲೇ ಉಳಿಯುತ್ತದೆ.

ಒಪ್ಪಬೇಕಾದದ್ದೂ ಇದೆ. ಊರಿನ ಅಷ್ಟೂ ಕೊಳಚೆಗೆ ಇಲ್ಲಿಯವರೂ ಈ ತಗಡು ಹಾಕಿಲ್ಲ, ಓಝೋನ್ ಮತ್ತು ಇದ್ದಿಲಿನ ಪುಡಿಯನ್ನೇ ನೆಚ್ಚಿದ್ದಾರೆ. ಔಷಧಿ ತೀರಾ ತೆಳುವಾಗಿ ಬೆರೆತ ನೀರಿಗೆ ಕರೆಂಟ್ ವಿಪರೀತ ಬೇಕು. ನೀರಿನಲ್ಲಿ ಕ್ಲೋರೈಡ್ ಇದ್ದರೆ ಪರ್‌ಕ್ಲೋರೇಟ್ ಎಂಬ ಹೊಸ ಪೀಡೆ ಹುಟ್ಟುತ್ತದೆ. ಈ ದೇಶದವರೂ ಹುಟ್ಟಿನಿಂದ ಶುದ್ಧರಲ್ಲ: 1986ರಲ್ಲಿ ಬಾಸೆಲ್ ಬಳಿ ಸ್ಯಾಂಡೋಜ್ ಗೋದಾಮಿಗೆ ಬೆಂಕಿ ಬಿದ್ದು, ನಂದಿಸಿದ ನೀರಿನೊಂದಿಗೆ ವಿಷ ಹರಿದು ರೈನ್ ನದಿಯ ಮೀನುಗಳು ಸತ್ತ ಮೇಲೆ ಎಚ್ಚೆತ್ತವರೇ. ತಮ್ಮನ ಬತ್ತಿದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂದದ್ದೂ ನಿಜ. ಆ ನೀರು ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ, ಔಷಧಿ ಕಾರ್ಖಾನೆಗಳ ಮೋರಿಯಲ್ಲಿ ಔಷಧಿ ದಟ್ಟವಾಗಿಯೇ ಬೆರೆತಿರುತ್ತದೆ. ಈ ತಗಡು ಲಾಯಕ್ಕಾಗುವುದೂ ಅಂಥ ನೀರಿಗೇ. ಆ ನೀರು ಒಳಚರಂಡಿ ಸೇರುವ ಮುಂಚೆ, ಅಲ್ಲೇ, ಅವರ ಖರ್ಚಿನಲ್ಲೇ ಕೂರಿಸಿ ಎಂದು ಕೇಳುವ ಹಕ್ಕು ಕೋಲಾರದವರಿಗಿದೆ. ಕೆರೆ ತುಂಬಿಸಿಕೊಂಡ ಋಣಕ್ಕೆ ಅದನ್ನು ಬಿಟ್ಟುಕೊಡಬೇಕಿಲ್ಲ.